ನೀಲಿಯಕ್ಕ ಬರೆದ ಸರೋವರ

ನಕ್ಷೆ ಕಚೇರಿಯಲ್ಲಿ ಎಲ್ಲರೂ ಅವಳನ್ನು ನೀಲಿಯಕ್ಕ ಎನ್ನುತ್ತಿದ್ದರು. ಹರಿದು ಮಾಸಿದ ಹಳೆಯ ಸರ್ವೆ ನಕ್ಷೆಗಳನ್ನು ಹೊಸ ಹಾಳೆಗೆ ಇಳಿಸುವುದು ಅಲ್ಲಿನ ಕೆಲಸ. ನದಿ, ತೊರೆ, ಸರೋವರ ಎಂದು ನೀಲಿ ಗೆರೆಯೆಲ್ಲ ಅವಳ ಪಾಲು. ಪಕ್ಕದ ಮೇಜಿನಲ್ಲಿ ಕಂದು ಶಾಯಿಯಿಂದ ಬೆಟ್ಟ ಬರೆಯುತ್ತಿದ್ದವನೊಡನೆ ದಿನಾ ಜಗಳ. “ನಿಮ್ಮ ಗುಡ್ಡ ನನ್ನ ಹೊಳೆ ಮೇಲೆ ಕೂತಿದೆ, ಸ್ವಲ್ಪ ಸರಿಸ್ರೀ!” ಜಗಳ ಮದುವೆಯವರೆಗೆ ಬಂತು.

ಇಬ್ಬರಿಗೂ ಒಂದು ನಕ್ಷೆಯೆಂದರೆ ಪ್ರಾಣ. ಜನವೇ ಇಲ್ಲದ ದೂರದ ಬೆಟ್ಟಸಾಲು, ನಡುವೆ ಎಲೆಯಂಥ ಸರೋವರ. ಅವರು ಹುಟ್ಟುವ ಮೊದಲು ಯಾರೋ ನಡೆದು ಹೋಗಿ ಅಳೆದು ಬರೆದದ್ದು. ಅದನ್ನು ಎಷ್ಟು ಸಲ ಬರೆದಿದ್ದಳೆಂದರೆ ದಡದ ಒಂದೊಂದು ಕೊಂಕೂ ಬೆರಳಿಗೆ ಬಾಯಿಪಾಠ. ನಿವೃತ್ತಿಯಾದ ಮೇಲೆ, ಮಂಡಿನೋವಿಗೆ ಜಗ್ಗದೆ, ಇಬ್ಬರೂ ಅದನ್ನು ನೋಡಲು ಹೊರಟರು. ದಾರಿ ತೋರಿಸಲು ನರೆಗೂದಲಿನ ಅರಣ್ಯ ಕಾವಲುಗಾರನೊಬ್ಬ ಜತೆಯಾದ.

ಕೊನೆಯ ಏರು ಹತ್ತಿ ಅವಳು ಇಣುಕಿ ನೋಡಿದಳು. ಕೆಳಗೆ ನೀರಿರಲಿಲ್ಲ. ಒಂದು ಹನಿಯೂ ಇರಲಿಲ್ಲ. ಬರೀ ಬಂಡೆ, ಮಣ್ಣು, ನಡುವೆ ಮುಳ್ಳುಕಂಟಿ.

“ದಾರಿ ತಪ್ಪಿದ್ದೀವಿ ಕಣ್ರೀ.”

“ಇಲ್ಲ,” ಎಂದ ಗಂಡ. ಎದುರಿಗೆ ಕೈ ತೋರಿದ. “ಆ ಜೋಡಿ ಶಿಖರ ನಾನೇ ಬರೆದದ್ದು. ಆದ್ರೆ ಈ ಕಡೆ ಬೆಟ್ಟ ಎಲ್ಲಿ?”

ಕಾವಲುಗಾರ ಇಬ್ಬರನ್ನೂ ವಿಚಿತ್ರವಾಗಿ ನೋಡಿದ. “ಭೂಮಿ ನಡುಗಿ ಬೆಟ್ಟ ಕುಸಿದು ಕೆರೆಗೇ ಬಿತ್ತಂತೆ. ನೀರೆಲ್ಲ ದಡ ಒಡ್ಕೊಂಡು ಹೋಯ್ತಂತೆ. ನಮ್ಮಜ್ಜ ಕಣ್ಣಾರೆ ನೋಡಿದ್ರು. ನಾನಿನ್ನೂ ಹುಟ್ಟಿರ್ಲಿಲ್ಲ.”

ಅವಳು ಅಲ್ಲೇ ಬಂಡೆಯ ಮೇಲೆ ಕೂತಳು. ಅಂದರೆ ಅವಳು ಕೆಲಸಕ್ಕೆ ಸೇರುವ ಎಷ್ಟೋ ಮೊದಲೇ! ಇಷ್ಟು ವರ್ಷ ಉಸಿರು ಬಿಗಿಹಿಡಿದು ನೀಲಿ ತುಂಬಿದ್ದು ಯಾವ ನೀರಿಗೆ? ಗಂಡ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದ.

ಊರಿಗೆ ಬಂದವರೇ ಕಚೇರಿಗೆ ಹೋದರು. ಆ ಸರೋವರ ಇಲ್ಲವೆಂದದ್ದಕ್ಕೆ, ಅವಳ ಜಾಗಕ್ಕೆ ಬಂದಿದ್ದ ಹುಡುಗಿ ನಕ್ಕು ಹಾಳೆ ಬಿಡಿಸಿದಳು. “ಇಲ್ಲೇ ಇದೆಯಲ್ಲಕ್ಕಾ ಕೆರೆ, ನೀವೇ ಬರೆದಿದ್ದು!”

“ಇಲ್ಲಮ್ಮಾ. ನಾವು ಹೋಗಿ ನೋಡಿಬಂದ್ವಿ.”

ಹುಡುಗಿಯ ನಗು ನಿಂತಿತು. ನೀಲಿಯಕ್ಕ ಪೆನ್ನು ತೆಗೆದುಕೊಂಡು ಸರೋವರದ ಪಕ್ಕ ‘ಈಗ ಇಲ್ಲ’ ಎಂದು ಬರೆದಳು. ಕುಸಿದ ಬೆಟ್ಟದ ಗೆರೆಗಳ ಮೇಲೆ ಗಂಡ ಅಡ್ಡಗೀಟು ಎಳೆದ.