ತೂಗುವ ಕೈ
ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ನನ್ನ ಪಕ್ಕ ಕೂತು ದುಡಿಯುವ ಟ್ಯಾಬಿತಾ ಲುಡ್ಲಮ್‌ಳ ಕೈ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಹತ್ತು ಡಾಲರಿನ ಚಿನ್ನದ ನಾಣ್ಯಕ್ಕೆ ಮುದ್ರೆ ಬೀಳುವ ಮೊದಲು ಬೋಳು ಬಿಲ್ಲೆಗಳನ್ನು ತೂಗುವುದು ನಮ್ಮ ಕೆಲಸ. ಭಾರವಾದದ್ದನ್ನು ಅರದಿಂದ ಉಜ್ಜುತ್ತೇವೆ, ಹಗುರವಾದದ್ದು ಮತ್ತೆ ಕುಲುಮೆಗೆ ಹೋಗುತ್ತದೆ. ಇವಳು ಅಂಗೈಯಲ್ಲಿ ಕುಣಿಸಿಯೇ ತೂಕ ಹೇಳಿಬಿಡುತ್ತಾಳೆ, ತಕ್ಕಡಿ ಆಮೇಲೆ ಹೌದೆನ್ನುತ್ತದೆ. ಅಂಗಡಿಯಲ್ಲಿ ಬ್ರೆಡ್ಡು, ಚರ್ಚಿನಲ್ಲಿ ಪ್ರಾರ್ಥನೆಯ ಪುಸ್ತಕ, ಏನು ಸಿಕ್ಕರೂ ಎತ್ತಿ ಎತ್ತಿ ಇಳಿಸುತ್ತಾಳೆ. ಮೇಜಿನ ಮೂಲೆ ಚೂಪಾಗಿದ್ದರೆ ಬೆರಳು ಅರ ಹುಡುಕುತ್ತದೆ. ನಾಣ್ಯದ ಹಿಂಬದಿಯ ಬಡಕಲು ಹದ್ದಿಗೆ ಯಾರಾದರೂ ಊಟ ಹಾಕಬೇಕೆಂಬುದು ಅವಳ ಹಳೆಯ ತಕರಾರು. ಒಕ್ಕೂಟಕ್ಕೆ ಹೊಸ ರಾಜ್ಯ ಸೇರಿತೆಂದು ಮುಂಬದಿಯ ಟೋಪಿ ತೊಟ್ಟ ಸ್ವಾತಂತ್ರ್ಯದೇವಿಯ ಸುತ್ತ ಮತ್ತೊಂದು ನಕ್ಷತ್ರ ಬಂದಾಗ, "ಹಿಂಗೇ ಸೇರ್ತಾ ಹೋದ್ರೆ ಆಯಮ್ಮ ಮೂಗು ಎಲ್ಲಿಡ್ಬೇಕು?" ಎಂದಳು. ಅಚ್ಚು ಕೆತ್ತುವ ಮೇಸ್ತ್ರಿಗೆ ಸಿಟ್ಟು ಬಂತು. "ನಿಮ್ಮ ಅರದ ಗೀರು ದೇವಿ ಕೆನ್ನೆ ಮೇಲೇ ಉಳಿದಿದೆ ನೋಡಿ, ಟ್ಯಾಬಿತಮ್ಮ." "ಇರ್ಲಿ ಬಿಡಪ್ಪ, ನನ್ನ ಕೆನ್ನೇಲೂ ಇದೆ. ಗೀರಿದ್ರೂ ಹತ್ತು ಡಾಲರು ಹತ್ತೇ ಅಲ್ವಾ." ಮೊನ್ನೆ ನನ್ನ ತಂಗಿ ತನ್ನ ಹಸುಗೂಸನ್ನು ತಂದು ಅವಳ ಮುಂದೆ ಹಿಡಿದಳು. ಟ್ಯಾಬಿತಾ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅಲ್ಲಿಯೂ ಬೆರಳುಗಳು ಒಂದನ್ನೊಂದು ಉಜ್ಜುತ್ತಿದ್ದವು. "ಬೇಡ ಕಣಮ್ಮ, ಈ ಕೈ ಸುಮ್ನೆ ಎತ್ಕೊಳಲ್ಲ, ತೂಗಿಬಿಡುತ್ತೆ," ಎಂದಳು. "ನನ್ನ ಮಗು ಹುಟ್ಟಿದಾಗ ಸೂಲಗಿತ್ತಿ, ಚೆನ್ನಾಗಿದೆ, ಬದುಕುತ್ತೆ ಅಂದ್ಲು. ಆದ್ರೆ ಎತ್ಕೊಂಡ ಕೂಡ್ಲೇ, ಹಗುರ ಅಂತ ಈ ಕೈಗೆ ಗೊತ್ತಾಗೋಯ್ತು."