ಫ್ರಾನ್ಸಿನ ರಾಜನ ಬಟ್ಟೆಗೆ ಕಾಳಮ್ಮನವರ ಅರಿಶಿನ

ಇಂದ್ರೇಶನಿಗೆ ಫ್ರಾನ್ಸಿನ ರಾಜರ ಮೇಲೆ ಮೋಹ ಹುಟ್ಟಿದ್ದು ಚಳಿಯಿಂದ. ಮೆಲ್ಬರ್ನಿನಲ್ಲಿ ಓದುವಾಗ ಅವನ ಕೋಣೆಯ ಹೀಟರ್ ಕೆಟ್ಟಿತ್ತು. ಊರಿನ ಮ್ಯೂಸಿಯಂ ಬೆಚ್ಚಗಿತ್ತು, ಟಿಕೆಟ್ಟೂ ಬೇಕಿರಲಿಲ್ಲ. ಕೂರಲು ಸಿಕ್ಕ ಬೆಂಚು ಒಂದು ಹಳೆಯ ಟ್ಯಾಪೆಸ್ಟ್ರಿಯ ಎದುರಿಗಿತ್ತು. ಗೋಡೆಯಗಲದ ಬಟ್ಟೆ, ಕಾಡು, ಕುದುರೆ, ಬೇಟೆನಾಯಿ ಎಲ್ಲವನ್ನೂ ಉಣ್ಣೆ ರೇಷ್ಮೆಗಳಲ್ಲಿ ಎಳೆಯೆಳೆಯಾಗಿ ನೇಯ್ದದ್ದು. ಹದಿನಾಲ್ಕನೇ ಲೂಯಿ ತನ್ನ ಅರಮನೆಗೆಂದು ಪ್ಯಾರಿಸ್ಸಿನ ಗೊಬ್ಲ್ಯಾಂನಲ್ಲಿ ನೇಕಾರರನ್ನು ಕೂಡಿಸಿದ್ದು, ಬೋವೆ ಎಂಬ ಊರಿನಲ್ಲಿ ಇನ್ನೊಂದು ರಾಜ ಕಾರ್ಖಾನೆ ಎದ್ದದ್ದು, ನೇಕಾರರು ಚಿತ್ರದ ಹಿಂಬದಿಯಲ್ಲಿ ಕೂತೇ ನೇಯುತ್ತಿದ್ದದ್ದು ಎಲ್ಲ ಅವನಿಗೆ ಬಾಯಿಪಾಠವಾಯಿತು. ಓದಲು ಬಂದ ವಿಷಯದಲ್ಲಿ ಹೇಗೋ ಪಾಸಾದ.

ಆಮೇಲೆ ಆಸ್ಟ್ರೇಲಿಯಾದಲ್ಲೇ ನೆಲೆಸಲು ಪಿಆರ್ ಸಿಕ್ಕಿತು, ಸಿಡ್ನಿಗೆ ಬಂದ. ಮ್ಯಾಕ್ವೆರಿ ಪಾರ್ಕಿನಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ. ಚಾಟ್ಸ್‌ವುಡ್ಡಿನ ಅವನ ಫ್ಲ್ಯಾಟಿಗೆ ಊಟಕ್ಕೆ ಬಂದವರು ಲೂಯಿಯ ಕಥೆ ಕೇಳದೆ ಎದ್ದು ಹೋಗುವಂತಿರಲಿಲ್ಲ. ಬುದ್ಧಿವಂತರು ಬೇಗ ಬೇಗ ಉಣ್ಣುವುದನ್ನು ಕಲಿತರು.

ಹೋದ ವರ್ಷ, ತೀರಿಹೋದ ಮುದುಕಿಯೊಬ್ಬಳ ಮನೆಯ ಸಾಮಾನು ಮಾರುವಲ್ಲಿ, ಸೋಫಾದ ಕೆಳಗೆ ಅವನಿಗೊಂದು ಬಾಗಿಲಗಲದ ಟ್ಯಾಪೆಸ್ಟ್ರಿ ಸಿಕ್ಕಿತು. ಫೋಟೋವನ್ನು ಮೆಲ್ಬರ್ನಿನ ಅದೇ ಮ್ಯೂಸಿಯಂಗೆ ಕಳಿಸಿದ. ಮನೆಗಳಲ್ಲಿರುವ ಹಳೆಯ ನೇಯ್ಗೆಗಳ ಪ್ರದರ್ಶನವೊಂದು ನಡೆಯಲಿದೆ, ತನ್ನಿ, ಚೆನ್ನಾಗಿದ್ದರೆ ತೂಗುಹಾಕುತ್ತೇವೆ ಎಂದು ಉತ್ತರ ಬಂತು. ತಾನು ಚಳಿ ಕಾಯಿಸಿಕೊಂಡ ಕಟ್ಟಡದಲ್ಲಿ ತನ್ನ ಹೆಸರಿನ ಚೀಟಿ ಎಂದುಕೊಂಡು ಇಂದ್ರೇಶ ಕೆಲವು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಬಟ್ಟೆಯನ್ನು ಸುರುಳಿ ಸುತ್ತಿ, ಹೆಂಡತಿ ಕೃಪಾಳನ್ನು ಕೂರಿಸಿಕೊಂಡು, ಕಾರಿನಲ್ಲೇ ಮೆಲ್ಬರ್ನಿಗೆ ಹೊರಟ.

ಮ್ಯೂಸಿಯಂನಲ್ಲಿ ಬಟ್ಟೆಗಳ ತಜ್ಞೆ ಮಾರ್ಗರೆಟ್ ಬಿಳಿ ಮೇಜಿನ ಮೇಲೆ ಸುರುಳಿ ಬಿಚ್ಚಿದಳು. ಕಾಡು ಬಂತು, ನಾಯಿ ಬಂತು, ಕೊನೆಗೆ ಕೆಳಗಿನ ಮೂಲೆಯಲ್ಲಿ ಅಂಗೈಯಗಲದ ಹಳದಿ ಬಂತು.

"ರೀ," ಎಂದಳು ಕೃಪಾ ಮೆಲ್ಲಗೆ. "ಅದು ಅಮ್ಮ."

"ಅಮ್ಮ ಅಂದ್ರೆ?"

"ಹೊಸ ಬಟ್ಟೆ ಅಂತ ಮೂಲೆಗೆ ಅರಿಶಿನ ಹಚ್ಚಿದಾರೆ."

"ಮುನ್ನೂರು ವರ್ಷದ್ದು ಕಣೇ ಅದು."

"ನಮ್ಮನೆಗೆ ಹೊಸದು ತಾನೇ."

ಕೊಳ್ಳೇಗಾಲದಿಂದ ಬಂದಿದ್ದ ಅತ್ತೆ ಕಾಳಮ್ಮನವರು ಹೊಸ ಸೀರೆಗಾದರೆ ಒಂದು ಬೊಟ್ಟು ಹಚ್ಚುತ್ತಿದ್ದರು. ಇದು ರಾಜನ ಬಟ್ಟೆಯೆಂದು ಅಳಿಯನೇ ಹೇಳಿ ಹೇಳಿ ಇಟ್ಟಿದ್ದರಿಂದ, ಹೊರಡುವ ಮುಂಚೆ ಯಾರೂ ಕಾಣದಾಗ ಸುರುಳಿ ಬಿಚ್ಚಿ, ಧಾರಾಳವಾಗಿ ಕಲಸಿ ಹಚ್ಚಿ, ಮತ್ತೆ ಸುತ್ತಿಟ್ಟಿದ್ದರು.

ಇದೇನೆಂದು ಮಾರ್ಗರೆಟ್ ಕೇಳಿದಳು. ಹಳೇ ಕಲೆ ಇರಬೇಕು ಎನ್ನುವ ಮಾತು ಇಂದ್ರೇಶನ ನಾಲಗೆಯ ತುದಿಗೆ ಬಂತು. ಆದರೆ ಬೇರೆಯವರ ತಪ್ಪನ್ನು ವರದಿ ಮಾಡಿ ಮಾಡಿ ಅಭ್ಯಾಸವಾದ ಬಾಯಿ, ಅತ್ತೆಯ ಹೆಸರು, ಊರು ಸಮೇತ ಎಲ್ಲ ಹೇಳಿಬಿಟ್ಟಿತು.

ಮಾರ್ಗರೆಟ್ ಭೂತಗನ್ನಡಿ ಹಿಡಿದು ಬಗ್ಗಿದಳು. ಈ ಎಲೆಗಳೆಲ್ಲ ನೇಯ್ದಾಗ ಹಸಿರಾಗಿದ್ದವು, ನೀಲಿಯ ಮೇಲೆ ಗಿಡದ ಹಳದಿ ಹಾಕಿ ಹಸಿರು ಮಾಡುತ್ತಿದ್ದರು, ಕಾಲ ಕಳೆದಂತೆ ಹಳದಿ ಮಾಸಿ ಎಲ್ಲ ನೀಲಿಯಾಗಿದೆ ಎಂದಳು. "ನಿಮ್ಮ ಅತ್ತೆಯ ಅರಿಶಿನ ಬಿದ್ದ ಎಲೆ ಮಾತ್ರ ಮತ್ತೆ ಹಸಿರಾಗಿದೆ."

ಇಂದ್ರೇಶನಿಗೆ ಜೀವ ಬಂತು. ಹಾಗಾದರೆ ತೂಗುಹಾಕಬಹುದೇ ಎಂದ.

ಆಗದು ಎಂದಳು ಅವಳು. ಅಡುಗೆಮನೆಯ ಪುಡಿಗೆ ಹುಳ ಬರುತ್ತದೆ, ಬೇರೆಯವರ ಉಣ್ಣೆಯ ಪಕ್ಕ ಇಡುವಂತಿಲ್ಲ. ತೊಳೆದರೆ ನೇಯ್ಗೆಯ ಕೆಂಪು ಬಣ್ಣ ಹರಡುತ್ತದೆ. ಬಿಸಿಲಿಗೆ ಹಾಕಿದರೆ ಅರಿಶಿನ ಹೋಗುತ್ತದೆ, ಜೊತೆಗೆ ನಾಯಿಯೂ ಕುದುರೆಯೂ ಮಾಸುತ್ತವೆ. ಅಷ್ಟು ಹೇಳಿ, ಬಟ್ಟೆಯನ್ನು ಜೋಪಾನವಾಗಿ ಸುತ್ತುತ್ತಾ, ನೇಯ್ಗೆ ನೋಡಿದರೆ ಬೋವೆಯದೇ ಎಂದಳು.

ಸಿಡ್ನಿ ತಲುಪುವವರೆಗೂ ಅವನು ಅತ್ತೆಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿದ. ಕೃಪಾ ಹಾಡು ಹಾಕಲಿಲ್ಲ.

ಬಾಗಿಲು ತೆರೆದ ಕಾಳಮ್ಮನವರೇ ಮೊದಲು ಕೇಳಿದರು: "ಏನಂದ್ರು ಅಳಿಯಂದ್ರೇ?"

"ರಾಜರ ಕಾರ್ಖಾನೆದೇ ಅಂದ್ರು ಅತ್ತೆ. ಆದ್ರೆ ಇಟ್ಕೊಳ್ಳಲ್ಲ ಅಂದ್ರು."

"ಸದ್ಯ. ಅಷ್ಟು ಒಳ್ಳೇ ಜಮಖಾನ ಯಾರಾದ್ರೂ ಕಂಡೋರಿಗೆ ಕೊಟ್ಟು ಬರ್ತಾರಾ? ಅರಿಶಿನ ಹಚ್ಚಿದ್ದಕ್ಕೇ ಕ್ಷೇಮವಾಗಿ ಮನೆಗ್ ಬಂತು. ಇಲ್ಲೇ ಗೋಡೆಗೆ ಹಾಕಿ, ನಾಲ್ಕು ಜನ ನೋಡ್ಲಿ."

ಫ್ಲ್ಯಾಟು ಬಾಡಿಗೆಯದು; ಒಂದು ಮೊಳೆ ಹೊಡೆಯಬೇಕಾದರೂ ಏಜೆಂಟನ್ನು ಕೇಳಬೇಕು. ಇಂದ್ರೇಶ ಹೆಗಲ ಮೇಲಿನ ಸುರುಳಿಯನ್ನು ಇಳಿಸದೆಯೇ, ಒಂದೇ ಕೈಯಲ್ಲಿ ಇಮೇಲ್ ಬರೆಯತೊಡಗಿದ.