ಲಾಭದಿಂದ ಶುರುವಾದ ಆರು ಹಾಡು

ಮೊಮ್ಮಗಳು ಹುಟ್ಟಿದ್ದಾಳೆ! ನಮ್ಮ ಮನೆಯ ಮೊದಲ ಮೊಮ್ಮಗಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಖುಷಿಗೆ ಅಕ್ಷರ ಅತ್ತಿತ್ತ ಕುಣಿದರೆ ಓದುವವರು ಸೈರಿಸಿಕೊಳ್ಳಬೇಕು.

ಮಗಳು ಸಂಡೂರಿನ ಒಂದು ಗಣಿ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಬಾಣಂತನಕ್ಕೆಂದು ಹೊಸಪೇಟೆಗೆ, ನಮ್ಮ ಮನೆಗೆ ಬಂದಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಬಂಧುಬಳಗವೆಲ್ಲ ಬರುವುದಿತ್ತು, ಕಂಪ್ಲಿಯ ನನ್ನ ಅಕ್ಕನೊಬ್ಬಳನ್ನು ಬಿಟ್ಟು. ನಮ್ಮ ಮನೆತನದ ಯಾವ ತೊಟ್ಟಿಲೂ ಅವಳ ಹಾಡಿಲ್ಲದೆ ತೂಗಿದ್ದಿಲ್ಲ. ಈಗ ಸೊಂಟ ಮುರಿದು ಮಂಚ ಹಿಡಿದಿದ್ದಾಳೆ. ಕಣ್ಣು ಕಾಣುವುದಿಲ್ಲ, ಒಂದು ಸಾಲು ಹಾಡಿದರೆ ಉಸಿರು ಸಾಲುವುದಿಲ್ಲ.

"ನೀ ಜೊತಿಗೆ ಹಾಡಿದ್ರ ಹಾಡ್ತೀನಬೇ. ಒಬ್ಬಾಕಿ ಕೈಲಿ ಆಗಂಗಿಲ್ಲ. ಈ ಕೂಸಿಗೆ ನನ್ನ ಹಾಡಿಲ್ಲ ಬಿಡು" ಎಂದು ಅಕ್ಕ ಫೋನಿನಲ್ಲಿ ಅಂದಳು.

ಅಕ್ಕನ ಮಂಚದ ಪಕ್ಕ ಒಂದು ಹಳೆಯ ಸಿಡಿ ಪ್ಲೇಯರ್ ಇದೆ. ಯಾವ ಗುಂಡಿ ಒತ್ತಿದರೆ ಹಾಡು ಬರುತ್ತದೆ ಎಂದು ಅವಳ ಬೆರಳಿಗೆ ಗೊತ್ತು. ಮಗಳು ಅದನ್ನು ನೆನೆದು, "ನೀ ಹಾಡವ್ವ, ಸಿಡಿ ಮಾಡಿ ಕಳಸೋಣ. ನಿನ್ನ ದನಿ ಕೂಡ ದೊಡ್ಡವ್ವನೂ ಹಾಡ್ತಾಳ" ಎಂದಳು.

ನಾನು ಆರು ಹಾಡು ಹಾಡಿದೆ, ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ತೊಡೆಯ ಮೇಲೆ ಕೂಸು, ದಿಂಬಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಮಗಳು ಕೂತಳು.

"ಬಾಣಂತಿ ಕಣ್ಣಿಗೆ ಆ ಬೆಳಕು ಬ್ಯಾಡಲೇ."

"ಕಣ್ಣು ಮುಚ್ಕೊಂಡು ಮಾಡಾಕ ಇದೇನು ನಿನ್ನ ಹಾಡೇನವ್ವ? ಮೊದಲ್ನೇ ಹಾಡಿನ ಹೆಸರೇನು ಹೇಳು."

ನಮ್ಮ ಹಾಡುಗಳಿಗೆ ಹೆಸರೆಲ್ಲಿಯದು? "ತೊಟ್ಟಿಲ ಹಗ್ಗ ಹೊಸೆದೋರ್ಯಾರು, ಹೊಸೆದು ತೂಗಾಕ ಬಂದೋರ್ಯಾರು?" ಎಂದು ಇಡೀ ಸಾಲು ಹೇಳಿದೆ. ಅವಳು ಹಾಗೆಯೇ ಒತ್ತಿದಳು. ಕಂಪ್ಯೂಟರು ಟಣ್ ಎಂದು ತಿರುಗಿಬಿತ್ತು.

"ಹೆಸರಿನ್ಯಾಗ ಪ್ರಶ್ನೆ ಗುರುತು ಇರಬಾರದಂತ."

"ಏನರ ಕೇಳಿದ್ರ ಸಿಟ್ಟಿಗೇಳೋದ್ಯಾಕ? ನಿಮ್ಮಪ್ಪನಂಗ ಐತಲ್ಲ ಇದು!"

ಅವಳು ನಕ್ಕ ನಗೆಗೆ ಕೂಸು ಎಚ್ಚರಾಯಿತು. "ಸುಮ್ನ ಒಂದು, ಎರಡು, ಮೂರು ಅಂತ ಹಾಕಿಬಿಡ್ತೀನಿ" ಎಂದಳು. ನಾನು ಕೈ ಹಿಡಿದೆ. ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಸೇರಿಗೆ 'ಒಂದು' ಅನ್ನುವವರುಂಟೆ? 'ಲಾಭ' ಎಂದೇ ಶುರು ಮಾಡುತ್ತೇವೆ. ಭತ್ತಕ್ಕೇ ಅಷ್ಟು ಮರ್ಯಾದೆ ಇರುವಾಗ ನನ್ನ ಮೊಮ್ಮಗಳ ಮೊದಲ ಹಾಡಿಗೆ ಬರೀ 'ಒಂದು' ಅನ್ನಿಸಲು ನಾನು ಬಿಡುತ್ತೇನೆಯೇ? ಹಳೆಯ ಪ್ಲೇಯರಿಗೆ ಕನ್ನಡ ತಿಳಿಯದೇನೋ ಎಂದು ಮಗಳು ಇಂಗ್ಲಿಷ್ ಅಕ್ಷರಗಳಲ್ಲೇ ಲಾಭ, ಎರಡು, ಮೂರು, ನಾಲ್ಕು, ಐದು, ಆರು ಎಂದು ಬರೆದು ಸಿಡಿ ಮಾಡಿದಳು. ಅಳಿಯ ಬೈಕಿನಲ್ಲಿ ಕಂಪ್ಲಿಗೆ ಹೋಗಿ ಕೊಟ್ಟು ಬಂದ.

ಅವನು ಬಂದು ಕಾಲು ತೊಳೆಯುತ್ತಿದ್ದಾಗಲೇ ಅಕ್ಕನ ಫೋನು.

"ಏನಬೇ, ಕೂಸಿನ್ನ ತೊಟ್ಟಿಲಿಗೆ ಹಾಕೂಕಿಂತ ಮೊದ್ಲ ಆರತಿ ಬೆಳಗಿ ಎಲ್ಲಾರ್ನೂ ಮನಿಗೆ ಕಳಿಸೀಯಲ್ಲ!"

ಕೊನೆಯ ಆರತಿ ಹಾಡು ಮೊದಲು ಬಂದಿತ್ತು. ಮೊದಲ ಹಾಡು ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು. ನಾನು ನಕ್ಕೆ. ಅಕ್ಕ ನಗಲಿಲ್ಲ. ದನಿ ಇಳಿಸಿ, "ಮೊದಲ್ನೇದು ಮೊದ್ಲ ಬರದಿದ್ರ ನನಗ ಮುಂದಿಂದು ನೆಪ್ಪಾಗಂಗಿಲ್ಲಬೇ. ಮಲ್ಕೊಂಡು ಬರೇ ಕೇಳಿದೆ, ಹಾಡಾಕ ಆಗ್ಲಿಲ್ಲ" ಎಂದಳು.

ಮಗಳು ಮತ್ತೆ ಲ್ಯಾಪ್‌ಟಾಪು ತೆರೆದಳು. ಆ ಯಂತ್ರಕ್ಕೆ ಎಣಿಕೆ ತಿಳಿಯುವುದಿಲ್ಲವಂತೆ. ಅಕ್ಷರಮಾಲೆ ಹಿಡಿದು ಸಾಲಾಗಿ ನಿಲ್ಲಿಸುತ್ತದಂತೆ. 'ಆರು' ಇಂಗ್ಲಿಷಿನಲ್ಲಿ ಎರಡು 'ಎ'ಯಿಂದ ಶುರುವಾಗಿ ಎಲ್ಲರ ಮುಂದೆ ನುಗ್ಗಿತ್ತು.

"ಪ್ರತಿ ಹೆಸರಿನ ಮುಂದ ಅಂಕಿ ಹಾಕಬೇಕವ್ವ."

"ಮತ್ತ ಒಂದು ಬಂತಲ್ಲಲೇ!"

"ಮುಂದಿನ ಒಂದು ಯಂತ್ರಕ್ಕ, ಹಿಂದಿನ ಲಾಭ ನಿನಗ. ಹಾಕ್ಲೇನು, ಬ್ಯಾಡೇನು?"

ಅಕ್ಕನ ದನಿ ಇನ್ನೂ ಕಿವಿಯಲ್ಲಿತ್ತು. "ಹಾಕು" ಎಂದೆ. ಈ ಸಲ ಸಿಡಿಯನ್ನು ಮನೆಯಲ್ಲೇ ಮೊದಲಿಂದ ಕೊನೆವರೆಗೆ ಕೇಳಿಯೇ ಕವರಿಗೆ ಹಾಕಿದೆವು.

"ಅತ್ತೀ, ಈ ಸಲ ಉಂಡು ಹೋಗ್ತೀನ್ರಿ" ಎಂದ ಅಳಿಯ. ಒಂದು ರೊಟ್ಟಿ ಹೆಚ್ಚಿಗೇ ಬಡಿಸಿದೆ.

ಕಂಪ್ಲಿ ಮುಟ್ಟಿ ಅಲ್ಲಿಂದಲೇ ಫೋನು ಹಚ್ಚಿ ಹಿಡಿದ. ಮೊದಲು ನನ್ನ ದನಿ ಬಂತು. ಹಗ್ಗ ಹೊಸೆದವರ ಹಾಡು. ಅದರ ಮೇಲೆ, ಎರಡು ಪದ ತಡವಾಗಿ, ಒಡೆದ ದನಿಯಲ್ಲಿ ಅಕ್ಕ. ಉಸಿರು ಸಾಲದಾದಾಗ ನಿಂತಳು, ನನ್ನ ದನಿ ಮುಂದೆ ಹೋಯಿತು, ಮತ್ತೆ ಬಂದು ಕೂಡಿದಳು. ನಾನು ಓಡಿ ಹೋಗಿ ಫೋನನ್ನು ಕೂಸಿನ ಕಿವಿಯ ಹತ್ತಿರ ಹಿಡಿದೆ. ಕೂಸು ದೊಡ್ಡದಾಗಿ ಆಕಳಿಸಿತು.

"ಕೇಳಾಕತ್ತೈತೇನಬೇ?" ಎಂದಳು ಅಕ್ಕ.

"ಕಣ್ಣು ಮಿಟುಕಿಸವಲ್ದು" ಎಂದೆ. "ಎರಡನೇದು ಶುರುವಾತು ನೋಡು, ನೀ ಹಾಡು."